ಒಂದು ಕೈ ತುಂಬಿದ ಮೇಲೆ

ಎರಡು ವರ್ಷದ ಹಿಂದೆ ಔರಾದಿನಿಂದ ಭಾಲ್ಕಿ ಆಸ್ಪತ್ರೆಗೆ ವರ್ಗವಾಗಿ ಬಂದ ನರ್ಸ್ ವಿಶಾಖಾಗೆ ಭಾನುವಾರದೊಳಗೆ ಬೇರೆ ಮನೆ ಬೇಕಿತ್ತು. ಇದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ಸೋಮವಾರ ಮಗಳು ಸಪನಾಳ ಹತ್ತನೇ ತರಗತಿ ಪರೀಕ್ಷೆ. ಐದು ಮನೆ ನೋಡಿದ್ದಾಗಿತ್ತು. ಎಲ್ಲ ಕಡೆ ಮೊದಲು ಚಹಾ, ಆಮೇಲೆ ನೀವು ಯಾವ ಮಂದಿ ಎಂಬ ಪ್ರಶ್ನೆ. ಬೌದ್ಧರು ಎಂದ ಕೂಡಲೇ ಆ ಮನೆಗೆ ಎಲ್ಲಿಂದಲೋ ಒಬ್ಬ ಅಳಿಯ ಬರುವವನಿರುತ್ತಿದ್ದ. ಭಾಲ್ಕಿಯಲ್ಲಿ ಇಷ್ಟೊಂದು ಅಳಿಯಂದಿರಿದ್ದಾರೆಂದು ಜನಗಣತಿಯವರಿಗೂ ಗೊತ್ತಿರಲಿಕ್ಕಿಲ್ಲ. ಸಾಕಾಗಿಹೋದ ವಿಶಾಖಾ ಬಾಬಾಸಾಹೇಬರ ಫೋಟೋ ಇಳಿಸಿ, ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕಿಟ್ಟಳು. ಇನ್ನು ಯಾರಾದರೂ ಕೇಳಿದರೆ ಬೇರೆ ಏನಾದರೂ ಹೇಳುವುದೆಂದುಕೊಂಡಳು. ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

ಇದನ್ನು ಕೇಳಿ ಕೆರಳಿದವಳು, ಮೊಣಕಾಲು ನೋವಿಗೆ ಆಸ್ಪತ್ರೆಗೆ ಬರುತ್ತಿದ್ದ ಕುಲಸುಮಬೀ. ಬೀದರಿನಿಂದ ಬಳೆ ತಂದು ಮನೆ ಮನೆ ತಿರುಗಿ ಹೆಂಗಸರ ಕೈಗೆ ತೊಡಿಸುವವಳು. ಯಾವ ಓಣಿಯಲ್ಲಿ ಯಾವ ಮನೆ ಖಾಲಿ ಎಂಬುದು ಅವಳಿಗೆ ಬಾಯಿಪಾಠ.

"ಮುಚ್ಚಿಟ್ಟು ಮನಿ ಹಿಡದ್ರ, ಇರೋತನಾ ಮುಚ್ಚಿಟ್ಕೊಂಡೇ ಇರಬೇಕಾಗ್ತದವ್ವ" ಎಂದು ಗದರಿ, ವಿಶಾಖಾಳನ್ನು ತನ್ನ ಹಳೆಯ ಗಿರಾಕಿ ಪುತಳಾಬಾಯಿಯ ಮನೆಗೆ ಕರೆದೊಯ್ದಳು. ಅಲ್ಲಿ ಮಹಡಿ ಖಾಲಿಯಿತ್ತು.

ಕುಲಸುಮಬೀಯದು ಒಂದು ಪದ್ಧತಿ. ಮುಖ್ಯವಾದ ಮಾತನ್ನು ಒಂದು ಕೈ ತುಂಬಿದ ಮೇಲೆಯೇ ತೆಗೆಯುವುದು. ಇನ್ನೊಂದು ಕೈ ಬರಿದಾಗಿಟ್ಟುಕೊಂಡು ಯಾವ ಮುತ್ತೈದೆಯೂ ಎದ್ದು ಹೋಗುವುದಿಲ್ಲವಲ್ಲ. ಪುತಳಾಬಾಯಿಯ ಎಡಗೈಗೆ ಹಸಿರು ಬಳೆ ತುಂಬಿದ್ದೇ, ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಪುತಳಾಬಾಯಿ, ಓಣಿಯವರು ಏನಂದಾರು ಎಂದು ರಾಗ ಎಳೆದಳು.

"ಮೂವತ್ತು ವರ್ಷ ಆತ್ರಿ ಅಕ್ಕಾ, ನಾ ನಿಮ್ಮ ಕೈ ಹಿಡದು. ಬಳಿ ಇಟ್ಟಮ್ಯಾಲ ಪ್ರತಿ ಸಲ ನನಗ ನಮಸ್ಕಾರ ಮಾಡ್ತೀರಿ. ಆಗೇನು ಓಣಿಯವರಿಗಿ ಕೇಳಿ ಮಾಡ್ತೀರೇನ್ರಿ?"

ಪುತಳಾಬಾಯಿ ತುಂಬಿದ ಎಡಗೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಬಲಗೈ ಚಾಚಿದಳು. ಅದೂ ತುಂಬಿದ ಮೇಲೆ ಎಂದಿನಂತೆ ಬಾಗಿ ನಮಸ್ಕರಿಸಿ, ಸೊಂಟದಲ್ಲಿದ್ದ ಕೀಲಿಕೈ ತೆಗೆದು ವಿಶಾಖಾಗೆ ಕೊಟ್ಟಳು. ಹೊಸದಾಗಿ ಗಿಲಾವು ಬಳಿದ ಗೋಡೆ, ಒಂದು ಮೊಳೆಯನ್ನೂ ಹೊಡೆಯಕೂಡದು ಎಂದು ಹೇಳಲು ಮಾತ್ರ ಮರೆಯಲಿಲ್ಲ.

ಶನಿವಾರ ಸಾಮಾನು ಬಂತು. ಸಪನಾ ಟ್ರಂಕು ಬಿಚ್ಚಿ, ಫೋಟೋ ಹೊರತೆಗೆದು ಗೋಡೆಗೆ ಆನಿಸಿ ನೆಲದ ಮೇಲಿಟ್ಟಳು. ಅಷ್ಟರಲ್ಲಿ ನೀರಿನ ಕೊಡ ತಂದ ಪುತಳಾಬಾಯಿ ಅದನ್ನು ನೋಡಿದವಳೇ ಕೊಡ ಅಲ್ಲೇ ಇಟ್ಟು ಕೆಳಗಿಳಿದು ಹೋದಳು. ವಿಶಾಖಾ ಕೀಲಿಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಮೆಟ್ಟಿಲ ಮೇಲೆ ಮತ್ತೆ ಬಳೆಯ ಸದ್ದು ಕೇಳಿತು. ಪುತಳಾಬಾಯಿಯ ಕೈಯಲ್ಲಿ ಸುತ್ತಿಗೆಯೂ ಒಂದು ಮೊಳೆಯೂ ಇದ್ದವು.

"ದೊಡ್ಡವರಿಗಿ ನೆಲದ ಮ್ಯಾಲ ಇಡಬಾರದವ್ವ. ಎಲ್ಲಿ ಹೊಡೀಲಿ ಹೇಳು."