ಗುಂಪಿಗೆ ಹಾಕದ ನೋಟಿಸು

"ಥೂ, ನಿಂದೂ ಒಂದು ಪೇಪರ್ರೇನ್ಲಾ! ಬೋಂಡ ಕಟ್ಟಕ್ಕಾಗಕಿಲ್ಲ, ಒಲೆಗೆ ಹಾಕಿದ್ರೆ ಉರಿಯಾಕಿಲ್ಲ. ಅಂಥಾದ್ರಲ್ಲಿ ನನ್ ತ್ವಾಟ ನುಂಗಾಕ್ಬುಟ್ಟೆ!"

ಕೆಂಕೆರೆಯ ಹುಚ್ಚರಂಗಯ್ಯನ ಟೀ ಅಂಗಡಿ ಮುಂದೆ, ಹತ್ತು ಜನರೆದುರು ಗಂಗಲಕ್ಷ್ಮಿ ಹೀಗಂದಾಗ ಜ್ಞಾನೇಶನ ಮುಖಕ್ಕೆ ರಕ್ತ ನುಗ್ಗಿತು. ಅವನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಕಾನೂನು ಪ್ರಕಾರ ನೋಟಿಸು ಹಾಕಿದೀನಿ ಗಂಗಕ್ಕ. ತಕರಾರಿಗೆ ಮೂವತ್ತು ದಿನ ಇತ್ತು. ನೀನು ನೋಡ್ದೆ ಇದ್ರೆ ನನ್ ತಪ್ಪಾ?"

"ಹಾಕಿದಾನೆ ಕಣವ್ವ," ಬೆಂಚಿನಿಂದ ಲಕ್ಕಯ್ಯ ಅಂದ. "ಬಾವಿಯೊಳಗೆ ಹಾಕ್ದಂಗೆ." ಎಲ್ಲರೂ ನಕ್ಕರು. ಗಂಗಲಕ್ಷ್ಮಿ ನಗಲಿಲ್ಲ.

ಹಿಂದೆಲ್ಲ ನೋಟಿಸುಗಳು ಬರುತ್ತಿದ್ದದ್ದು ಅಚ್ಚಿನ ವಾರಪತ್ರಿಕೆಯಲ್ಲಿ. ಹುಚ್ಚರಂಗಯ್ಯ ಕೊಬ್ಬರಿ ರೇಟಿಗಿಂತ ಮೊದಲು ಅದನ್ನೇ ಗಟ್ಟಿಯಾಗಿ ಓದುತ್ತಿದ್ದ. ಯಾರ ಖಾತೆ ಯಾರ ಹೆಸರಿಗೆ, ಯಾವ ತೋಟ ಯಾರಿಗೆ ಕ್ರಯ ಎಂಬುದೆಲ್ಲ ಟೀ ಆರುವುದರೊಳಗೆ ಊರಿಗೆ ಗೊತ್ತಾಗುತ್ತಿತ್ತು. ಕೊಟ್ಟ ಊರಲ್ಲಿರುವ ಹೆಣ್ಣುಮಕ್ಕಳಿಗೂ ಸಂಜೆಯೊಳಗೆ ಯಾರಾದರೂ ಫೋನು ಮಾಡುತ್ತಿದ್ದರು.

ಆ ಪತ್ರಿಕೆಯ ಸಂಪಾದಕ ಒಮ್ಮೆ ಜ್ಞಾನೇಶನಿಗೆ, "ಒಂಬತ್ತನೇ ಕ್ಲಾಸು ದಾಟದೋನು ವರದಿಗಾರ ಆಗ್ತೀಯಾ?" ಅಂದಿದ್ದ. ಆ ಉರಿಯಲ್ಲೇ ಅವನು ಮೊಬೈಲಿನಲ್ಲಿ 'ತೆಂಗುಸೀಮೆ ಸುದ್ದಿ' ಶುರು ಮಾಡಿದ್ದು. ಅಪಘಾತ, ಕೊಬ್ಬರಿ ರೇಟು, ಕರೆಂಟು ಹೋಗುವ ಹೊತ್ತು, ಎಲ್ಲವೂ ದಿನಾ ಬೆಳಗ್ಗೆ ಊರಿನ ವಾಟ್ಸಾಪ್ ಗುಂಪಿಗೆ ಬೀಳುತ್ತಿತ್ತು. ಆನ್‌ಲೈನ್ ಪತ್ರಿಕೆಯಲ್ಲೂ ನೋಟಿಸು ಹಾಕಬಹುದು ಎಂದು ಆದೇಶವಾದ ದಿನ ಅವನು ಅಂಗಡಿಯವರಿಗೆಲ್ಲ ಮೈಸೂರುಪಾಕು ಹಂಚಿದ. ನೋಟಿಸುಗಳೇ ಹೋದ ಮೇಲೆ ಆರು ತಿಂಗಳಲ್ಲಿ ವಾರಪತ್ರಿಕೆ ನಿಂತಿತು. ಅದಕ್ಕೂ ಅವನು ಖುಷಿಪಟ್ಟಿದ್ದ.

ಮೊದಲ ನೋಟಿಸು ತಂದವನು ಗಂಗಲಕ್ಷ್ಮಿಯ ತಮ್ಮ ಮಲ್ಲೇಶ್. ತೀರಿಹೋದ ಅಪ್ಪ ವೀರಭದ್ರಯ್ಯನ ತೋಟದ ಖಾತೆ ತನ್ನೊಬ್ಬನ ಹೆಸರಿಗೆ ಆಗಬೇಕೆಂದಿತ್ತು. "ಸಂಪಾದಕರೇ" ಎಂದು ಕರೆದ. ಜ್ಞಾನೇಶನನ್ನು ಹಾಗೆ ಕರೆದವರೇ ಇರಲಿಲ್ಲ. ಎದ್ದು ನಿಂತು ಕುರ್ಚಿ ಕೊಟ್ಟ.

ಹೊರಡುವಾಗ ಮಲ್ಲೇಶ್ ದನಿ ತಗ್ಗಿಸಿದ. "ಗುಂಪಿಗೆ ಹಾಕ್ಬ್ಯಾಡ್ರಿ. ನಿಮ್ ಸೈಟಲ್ಲಿದ್ರೆ ಸಾಕು, ಕಚೇರೀಲಿ ಒಪ್ಕೊತಾರೆ."

ಬಾವಿ ಪಕ್ಕದ ಮರಗಳು ಮಗಳಿಗೆ ಎಂದು ವೀರಭದ್ರಯ್ಯ ಇದೇ ಬೆಂಚಿನ ಮೇಲೆ ಕೂತು ಎಷ್ಟೋ ಸಲ ಹೇಳಿದ್ದ. ಜ್ಞಾನೇಶ ಕೇಳಿಸಿಕೊಂಡಿದ್ದ. ಆದರೂ ಬಾಯಿಗೆ ಬಂದದ್ದು, "ಆಯ್ತು ಬುಡಣ್ಣ." ಮೂವತ್ತು ದಿನದಲ್ಲಿ ಆ ಪುಟ ತೆರೆದದ್ದು ಮೂರೇ ಸಲ. ಅದರಲ್ಲಿ ಎರಡು ಸಲ ಅವನೇ. ಗಂಗಲಕ್ಷ್ಮಿಯನ್ನು ಕೊಟ್ಟಿದ್ದ ಅರಳಗುಪ್ಪೆಗೆ ಒಂದು ಫೋನು ಮಾಡಲೇ ಎಂದು ಒಂದು ದಿನ ಅವಳ ನಂಬರು ತೆಗೆದದ್ದೂ ಉಂಟು. ಇನ್ನು ಯಾರೂ ನೋಟಿಸು ತರುವುದಿಲ್ಲವೇನೋ ಅನ್ನಿಸಿ ಮೊಬೈಲು ಜೇಬಿಗಿಟ್ಟಿದ್ದ. ಖಾತೆಯಾದ ವಾರದಲ್ಲೇ ಮಲ್ಲೇಶ್ ತೋಟವನ್ನು ಹುಳಿಯಾರಿನ ವ್ಯಾಪಾರಿಗೆ ಕ್ರಯ ಮಾಡಿಕೊಟ್ಟ. ಬಾವಿ ಪಕ್ಕದ ಮರಗಳೂ ಹೋದವು.

"ಕೋರ್ಟಿಗೆ ಹೋಗವ್ವ," ಹುಚ್ಚರಂಗಯ್ಯ ಮೆಲ್ಲಗೆ ಹೇಳಿದ. "ನಿಂಗೂ ಹಕ್ಕೈತೆ."

"ಹೋಯ್ತೀನಿ. ಅದು ಮುಗಿಯಾ ಹೊತ್ಗೆ ನಾನಿರ್ತೀನೋ ಇಲ್ವೋ." ಗಂಗಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡು ಜ್ಞಾನೇಶನ ಹತ್ತಿರ ಬಂದಳು. ಬೈಗುಳವೆಲ್ಲ ಖಾಲಿಯಾದಂತಿತ್ತು. "ಮಲ್ಲೇಶ ನನ್ ಒಡಹುಟ್ಟಿದೋನು, ಅವ್ನು ಮಾಡಿದ್ದು ಅವ್ನಿಗೆ. ನೀನು ಹೇಳಪ್ಪ. ಅದು ನನ್ ಪಾಲು ಅಂತ ನಿಂಗೆ ಗೊತ್ತಿರ್ಲಿಲ್ಲ ಅಲ್ವಾ? ಗೊತ್ತಿರ್ಲಿಲ್ಲ ಅಂದ್ಬುಡು, ನಂಬ್ತೀನಿ."

ಬೆಂಚಿನವರು ಅವನ ಬಾಯನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ಅವಳು ನಂಬಿಯೂ ಬಿಡುತ್ತಿದ್ದಳು.

ಜ್ಞಾನೇಶ ಅರ್ಧ ಕುಡಿದ ಟೀಯನ್ನು ಕಟ್ಟೆಯ ಮೇಲಿಟ್ಟು, ಅವಳನ್ನು ಬಳಸಿಕೊಂಡು ಹುಳಿಯಾರು ರಸ್ತೆಯ ಕಡೆಗೆ ನಡೆದುಬಿಟ್ಟ.