ತಪ್ಪಿಲ್ಲದ ವಾಕ್ಯ

ಆ ಮನೆಯಲ್ಲಿ ಸಂಜೆ ಏಳೂವರೆಗೆ ಊಟ. ಊಟಕ್ಕೆ ಕೂತ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ.

ಯಜಮಾನರು ಅಚ್ಚುಕೂಟವೊಂದರಲ್ಲಿ ಇಂಗ್ಲಿಷ್ ಪುಸ್ತಕಗಳ ಕರಡು ತಿದ್ದುವವರು. ದಿನವಿಡೀ ಕೆಂಪು ಪೆನ್ನು ಹಿಡಿದು ಬೇರೆಯವರ ತಪ್ಪು ಹುಡುಕುವುದೇ ಕಸುಬಾದ್ದರಿಂದ ಓಣಿಯವರು ಅವರಿಗೆ ‘ಕಾಮಾ ಸಾಹೇಬರು’ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಎದುರಿಗೆ ಸಿಕ್ಕರೆ ಎಲ್ಲರೂ ಮಾತು ಕಡಿಮೆ ಮಾಡಿ, ತಲೆಯಾಡಿಸಿ ದಾಟಿಕೊಳ್ಳುತ್ತಿದ್ದರು.

ಊಟದ ಕಟ್ಟಳೆಯನ್ನು ಮಾಡಿದವರು ಅವರೇ. ಒಬ್ಬೊಬ್ಬರೂ ಆ ದಿನದ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಯಾರಾದರೂ ತಪ್ಪಿದರೆ ಉಳಿದವರೆಲ್ಲ ನಗಬೇಕು. ನಗು ಬಾರದಿದ್ದರೂ ನಗಬೇಕು. ತಪ್ಪಿದವರು ಊಟ ಮುಗಿಯುವವರೆಗೆ ತುಟಿ ಬಿಚ್ಚಬಾರದು. ಹೊಡೆತವಿಲ್ಲ, ಬೈಗುಳವಿಲ್ಲ. ಅದಕ್ಕೇ ಯಾರಿಗೂ ಅದು ಶಿಕ್ಷೆಯೆಂದು ತೋರುತ್ತಿರಲಿಲ್ಲ. ಓಣಿಯ ಇನ್ನೂ ನಾಲ್ಕಾರು ಮನೆಯವರು, ಮಕ್ಕಳು ಮುಂದೆ ಬರಲಿ ಎಂಬ ಆಸೆಯಿಂದ, ಈ ಪದ್ಧತಿಯನ್ನೇ ಹಿಡಿದಿದ್ದರು.

ಮನೆಯಾಕೆ ಮದುವೆಯಾದ ಮೊದಲ ವರ್ಷ ಪ್ರಯತ್ನಪಟ್ಟಿದ್ದರು. ಆಮೇಲೆ ಬಡಿಸುವ ನೆವದಲ್ಲಿ ಅಡುಗೆಮನೆಗೂ ಮೇಜಿಗೂ ಓಡಾಡುವುದನ್ನು ರೂಢಿ ಮಾಡಿಕೊಂಡರು. ಹತ್ತು ವರ್ಷದ ಕಿರಿಮಗಳು ಹೇಳಬೇಕಾದ ವಾಕ್ಯವನ್ನು ಶಾಲೆಯಿಂದ ಬರುತ್ತಲೇ ಬಾಯಿಪಾಠ ಮಾಡುತ್ತಿದ್ದಳು. ಹಿರಿಮಗಳಿಗೆ ಇಪ್ಪತ್ತೆರಡು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ವ್ಯಾಕರಣದಲ್ಲಿ ಅವಳನ್ನು ಮೀರಿಸುವವರು ಆ ಆಸ್ಪತ್ರೆಯಲ್ಲೇ ಇರಲಿಲ್ಲ. ಆದರೆ ಬಾಯಿ ತೆರೆಯುವ ಮುಂಚೆ ವಾಕ್ಯವನ್ನು ಮನಸ್ಸಿನಲ್ಲಿ ಒಂದು ಸಲ ಬರೆದು, ಒಂದು ಸಲ ತಿದ್ದಿ, ಇನ್ನೊಂದು ಸಲ ಓದಿ ನೋಡದೆ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು.

ಅವಳ ವಾರ್ಡಿನಲ್ಲಿ ಒಬ್ಬಳು ಆಯಾ ಇದ್ದಳು. ಮಧ್ಯಾಹ್ನವಿರಲಿ, ಸಂಜೆಯಿರಲಿ, ಕಂಡವರಿಗೆಲ್ಲ ‘ಗುಡ್ ಮಾರ್ನಿಂಗ್’ ಎನ್ನುತ್ತಿದ್ದುದರಿಂದ ಅವಳ ಹೆಸರೇ ಗುಡ್‌ಮಾರ್ನಿಂಗಮ್ಮ ಎಂದಾಗಿಬಿಟ್ಟಿತ್ತು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಔಷಧಿ ಡಬ್ಬಿಗಳಿಂದ, ಡಾಕ್ಟರುಗಳ ಬೈಗುಳದಿಂದ, ಲಿಫ್ಟಿನೊಳಗಿನ ಗುಂಡಿಗಳಿಂದ ಹೆಕ್ಕಿಹೆಕ್ಕಿ ತನ್ನದೇ ಒಂದು ಇಂಗ್ಲಿಷ್ ಕಟ್ಟಿಕೊಂಡಿದ್ದಳು. ಅವಳ ಬಾಯಲ್ಲಿ ಥರ್ಮಾಮೀಟರು ‘ಫೀವರ್‌ಕಡ್ಡಿ’, ತೀವ್ರ ನಿಗಾ ಘಟಕ ‘ಪಿಪ್‌ಪಿಪ್ ರೂಮು’, ಮನೆಗೆ ಕಳಿಸುವ ಚೀಟಿ ‘ಟಾಟಾ ಪೇಪರು’. ಒಮ್ಮೆ ಹಡಗಿನಿಂದ ಇಳಿದು ಕಾಲು ಮುರಿದುಕೊಂಡ ಪರದೇಶದವನೊಬ್ಬ ಬಂದು ಮಲಗಿದ. ಇವಳು ಅವನ ಮಂಚದ ಪಕ್ಕ ನಿಂತು, “ಲೆಗ್ಗು ಅಪ್! ಲೆಗ್ಗು ಡೌನ್! ಕ್ರೈಯಿಂಗ್ ನೋ! ಟುಮಾರೋ ಡ್ಯಾನ್ಸ್!” ಎಂದು ದಿನಾ ವ್ಯಾಯಾಮ ಮಾಡಿಸಿದಳು. ಅವನಿಗೂ ಇಂಗ್ಲಿಷ್ ಎರಡನೆಯ ಭಾಷೆಯೇ. ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು. ಹೊರಡುವ ದಿನ ಅವನು ಅವಳ ಕೈ ಹಿಡಿದುಕೊಂಡು ಅತ್ತ.

“ನಿನಗೆ ಹೆದರಿಕೆ ಆಗಲ್ವಾ? ತಪ್ಪಾದ್ರೆ?” ಎಂದು ಹಿರಿಮಗಳು ಅವಳನ್ನು ಕೇಳಿದ್ದಳು.

“ಇಂಗ್ಲಿಷೇನು ನನ್ನ ಅತ್ತೆಮನೆನಾ ಕಣಮ್ಮ, ಬಾಗಿಲಲ್ಲಿ ತಲೆತಗ್ಗಿಸಿ ನಿಲ್ಲೋಕೆ?” ಎಂದು ಆಯಾ ನಕ್ಕಳು. “ಅವರಿಗೆ ನಂದು ಗೊತ್ತಾಗ್ಬೇಕು, ನನಗೆ ಅವರದು ಗೊತ್ತಾಗ್ಬೇಕು. ಅಷ್ಟಾದ್ರೆ ನನ್ನ ಕೆಲ್ಸ ಆಯ್ತು.”

ಆ ವಾರ್ಡಿಗೂ ಒಂದು ಕಟ್ಟಳೆಯಿತ್ತು. ದೊಡ್ಡ ಡಾಕ್ಟರು ಅದೇ ಊರಿನವರಾದರೂ ರೌಂಡ್ಸಿಗೆ ಬಂದಾಗ ಎಲ್ಲರೂ ಅವರೊಡನೆ ಇಂಗ್ಲಿಷಿನಲ್ಲೇ ಮಾತಾಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಮಗಳು ಧೈರ್ಯ ತಂದುಕೊಂಡು, “ಸರ್, ಐ ಆಮ್ ಹ್ಯಾವಿಂಗ್ ಎ ಡೌಟ್” ಎಂದಿದ್ದಳು. ‘ಹ್ಯಾವ್’ ಎನ್ನಬೇಕಾದಲ್ಲಿ ಹೆದರಿಕೆಯಿಂದ ಬಾಯಿ ತಪ್ಪಿತ್ತು. ಡಾಕ್ಟರು ಸುತ್ತ ನಿಂತ ವಿದ್ಯಾರ್ಥಿಗಳ ಕಡೆ ತಿರುಗಿ, “ಸಿಸ್ಟರ್ ಈಸ್ ಹ್ಯಾವಿಂಗ್! ವಾಟ್, ಲಂಚ್?” ಎಂದರು. ಹದಿನಾಲ್ಕು ಜನ ನಕ್ಕರು. ಆ ನಗು ಅವಳಿಗೆ ಹೊಸದೇನಲ್ಲ. ಮನೆಯ ಊಟದ ಮೇಜೇ ಎದ್ದು ಬಂದು ವಾರ್ಡಿನಲ್ಲಿ ನಿಂತಂತಾಯಿತು. ಅಂದಿನಿಂದ ರೌಂಡ್ಸಿನಲ್ಲಿ ಅವಳು ತುಟಿ ಬಿಚ್ಚಲಿಲ್ಲ.

ಹೀಗಿರುವಾಗ ಬೀಗ ರಿಪೇರಿ ಮಾಡುವ ಒಬ್ಬ ರೋಗಿಯಾಗಿ ವಾರ್ಡಿಗೆ ಬಂದು ಸೇರಿದ. ಐವತ್ತರ ಆಸುಪಾಸಿನವನು. ಕಾಲಿನ ಗಾಯ ಕೀವಾಗಿ ಜ್ವರ ಏರಿತ್ತು. ದಾಖಲಾಗುವಾಗ ಮೈಮೇಲೆ ಪ್ರಜ್ಞೆಯಿಲ್ಲದ್ದರಿಂದ, ಯಾವ ಮದ್ದು ಒಗ್ಗುವುದಿಲ್ಲ ಎಂದು ಬರೆಯುವ ಜಾಗ ಖಾಲಿಯೇ ಉಳಿದಿತ್ತು. ಮರುದಿನ ಬೆಳಿಗ್ಗೆ ಜ್ವರ ಸ್ವಲ್ಪ ಇಳಿದಾಗ ಹಿರಿಮಗಳು ಪಟ್ಟಿ ಬದಲಾಯಿಸುತ್ತಿದ್ದಳು.

“ಮಗಳೇ, ಒಂದು ಮಾತು,” ಎಂದ ಅವನು. “ನನಗೆ ಆ ಪೆನ್ಸಿಲ್ ಇಂಜೆಕ್ಷನ್ ಆಗಲ್ಲ. ಹಿಂದೊಂದ್ಸಲ ಚುಚ್ಚಿದಾಗ ಗಂಟಲು ಕಟ್ಟಿ ಸತ್ತೇಹೋಗ್ತಿದ್ದೆ. ಡಾಕ್ಟ್ರಿಗೆ ಹೇಳಿಬಿಡು ತಾಯಿ.”

ಪೆನ್ಸಿಲ್ ಎಂದರೆ ಪೆನ್ಸಿಲಿನ್ ಎಂದು ಅವಳಿಗೆ ತಕ್ಷಣ ತಿಳಿಯಿತು. “ಹೇಳ್ತೀನಿ, ನೀವು ಮಲ್ಕೊಳ್ಳಿ,” ಎಂದಳು.

ಆ ಹೊತ್ತಿಗೇ ರೌಂಡ್ಸ್ ಬಂತು. ದೊಡ್ಡ ಡಾಕ್ಟರು ಗಾಯ ನೋಡಿದರು, ಜ್ವರದ ಪಟ್ಟಿ ನೋಡಿದರು, ಪೆನ್ಸಿಲಿನ್ ಶುರುಮಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮುಖ್ಯ ನರ್ಸ್ ಬರೆದುಕೊಂಡರು. ಕಂಬಳಿ ಹೊದ್ದು ಮಲಗಿದ್ದವನಿಗೆ ಅದು ತನ್ನ ವಿಷಯವೆಂದು ಗೊತ್ತಾಗಲಿಲ್ಲ. ಆ ಮದ್ದು ಅವನಿಗೆ ಆಗದೆಂದು ಗೊತ್ತಿದ್ದದ್ದು ಹಿರಿಮಗಳಿಗೆ ಮಾತ್ರ. ಅವಳು ಅರ್ಧ ಹೆಜ್ಜೆ ಮುಂದೆ ಬಂದಳು.

“ಯೆಸ್, ಸಿಸ್ಟರ್?” ಎಂದರು ಡಾಕ್ಟರು.

ವಾಕ್ಯ ಅವಳ ತಲೆಯಲ್ಲಿ ಏಳತೊಡಗಿತು. ‘ಹೇಳಿದ’ ಎನ್ನುವುದೋ, ‘ಹೇಳಿದ್ದಾನೆ’ ಎನ್ನುವುದೋ? ಯಾವ ಕಾಲ? ಮದ್ದಿನ ಹೆಸರಿಗೆ ಮುಂಚೆ ಬರುವ ಪುಟ್ಟ ಪದ ಯಾವುದು? ವಿದ್ಯಾರ್ಥಿಯೊಬ್ಬ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದ.

“ನಥಿಂಗ್, ಸರ್,” ಎಂದಳು.

ಆ ಒಂದು ವಾಕ್ಯದಲ್ಲಿ ಮಾತ್ರ ಯಾವ ತಪ್ಪೂ ಇರಲಿಲ್ಲ.

ಬರೆದುಕೊಟ್ಟರಾಯಿತೆಂದು ಅವಳು ಮೂಲೆಯ ಮೇಜಿಗೆ ಓಡಿದಳು. ಬರೆದರೆ ಯಾರೂ ನಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಳು, ಸರಿಯೆನಿಸಲಿಲ್ಲ, ಹೊಡೆದು ಹಾಕಿದಳು. ಎರಡನೆಯದನ್ನೂ ಹೊಡೆದಳು. ಮೂರನೆಯದು ಚೆನ್ನಾಗಿ ಬಂತು. ಕಾಗದ ಹಿಡಿದು ತಿರುಗುವಷ್ಟರಲ್ಲಿ ಮುಖ್ಯ ನರ್ಸ್ ಖಾಲಿ ಸಿರಿಂಜನ್ನು ತಟ್ಟೆಗೆ ಹಾಕುತ್ತಿದ್ದರು.

ಬೀಗದವನು ಮೊದಲು ಕತ್ತು ಕೆರೆದುಕೊಂಡ. ಆಮೇಲೆ ಎದ್ದು ಕೂತ. ತುಟಿ ಊದಿತು, ಉಸಿರು ಕಿರ್‍ರೆಂದು ಎಳೆಯಿತು. ಹಿರಿಮಗಳು ಕಾಗದ ಹಿಡಿದೇ ಕಲ್ಲಾಗಿ ನಿಂತಿದ್ದಳು. ನೆಲ ಒರೆಸುತ್ತಿದ್ದ ಗುಡ್‌ಮಾರ್ನಿಂಗಮ್ಮ ಬಟ್ಟೆ ಎಸೆದು ಕಾರಿಡಾರಿಗೆ ಓಡಿದಳು. “ಡಾಕ್ಟರ್ ಕಮ್! ಮ್ಯಾನ್ ನೋ ಬ್ರೀದಿಂಗ್! ರನ್ ರನ್ ರನ್!”

ಡಾಕ್ಟರು ಓಡಿ ಬಂದರು. ಹದಿನಾಲ್ಕು ಜನರೂ ಓಡಿ ಬಂದರು. ಆ ಇಂಗ್ಲಿಷಿಗೆ ಯಾರೂ ನಗಲಿಲ್ಲ. ಮಾಡಬೇಕಾದ್ದೆಲ್ಲ ಮಾಡಿದರು. ಮುಕ್ಕಾಲು ಗಂಟೆಯ ನಂತರ ಡಾಕ್ಟರು ಕೈ ಹಿಂತೆಗೆದು ಗಡಿಯಾರ ನೋಡಿದರು.

ಕಾಗದಪತ್ರದಲ್ಲಿ ‘ಹೃದಯ ನಿಂತು ಸಾವು’ ಎಂದು ಬರೆಯಲಾಯಿತು. ರೋಗಿ ಹೀಗೆ ಏಕಾಏಕಿ ಆಸ್ಪತ್ರೆಯಲ್ಲಿ ಸತ್ತರೆ ವಿಚಾರಣೆ ನಡೆಸುವುದು ವಾಡಿಕೆ. ಮುಂದಿನ ವಾರಕ್ಕೆ ಅದು ನಿಗದಿಯಾಯಿತು. ಹಿರಿಮಗಳ ಕೈಯಲ್ಲಿದ್ದ ಕಾಗದವನ್ನು ಓದಿದ್ದ ಮುಖ್ಯ ನರ್ಸ್ ಅವಳನ್ನು ಪಕ್ಕಕ್ಕೆ ಕರೆದು, “ದಾಖಲೆ ಹಾಳೆಯಲ್ಲಿ ಏನೂ ಬರ್ದಿರಲಿಲ್ಲ, ಯಾರಿಗೂ ಗೊತ್ತಿಲ್ಲ. ನೀನಾಗಿ ಬಾಯಿ ಹಾಕ್ಬೇಡ. ಹೋದೋನು ಬರ್ತಾನಾ?” ಎಂದರು.

ಎರಡು ದಿನ ಅವಳು ಊಟದ ಮೇಜಿನಲ್ಲಿ ಏನೋ ಒಂದು ವಾಕ್ಯ ಒಪ್ಪಿಸಿ ಎದ್ದಳು. ಮೂರನೆಯ ಸಂಜೆ ಕಿರಿಮಗಳ ಸರದಿ ಮೊದಲು ಬಂತು.

“ಟುಡೇ ಮೈ ಟೀಚರ್ ಸೆಡ್ ಮಿ...”

“ಸೆಡ್ ಮಿ!” ಎಂದು ತಂದೆ ತಟ್ಟೆಯಿಂದ ಕೈಯೆತ್ತಿ ನಕ್ಕರು. ಉಳಿದವರೂ ನಗಲೆಂದು ಸುತ್ತ ನೋಡಿದರು. ಹುಡುಗಿಯ ಕಣ್ಣು ಆಗಲೇ ತುಂಬಿತ್ತು.

“ನಾನು ನಗಲ್ಲ ಅಪ್ಪ,” ಎಂದಳು ಹಿರಿಮಗಳು. ಮನೆಮಾತಿನಲ್ಲಿ.

“ಇನ್ ಇಂಗ್ಲಿಷ್, ಪ್ಲೀಸ್.”

“ಇಲ್ಲ. ವಾರ್ಡಲ್ಲಿ ಒಬ್ರು ಸತ್ರು. ನಾನು ಬಾಯಿ ಬಿಡದೆ ಇದ್ದಿದ್ದಕ್ಕೆ ಸತ್ರು.”

ನಡೆದದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು. ತಂದೆ ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನು ಹೇಳ್ತಿದ್ದಿದ್ದೂ ಅದನ್ನೇ ಅಲ್ವಾ? ಇನ್ನೂ ಚೆನ್ನಾಗಿ ಅಭ್ಯಾಸ ಆಗ್ಬೇಕಿತ್ತು. ಭಾಷೆ ನಾಲಗೆ ಮೇಲೆ ಇದ್ದಿದ್ರೆ ನೀನು ತಡವರಿಸ್ತಿರಲಿಲ್ಲ.”

“ನಮ್ಮ ಆಯಾಗೆ ನೆಟ್ಟಗೆ ಒಂದು ವಾಕ್ಯ ಬರಲ್ಲ ಅಪ್ಪ. ಅವಳು ಕೂಗಿದ್ಲು, ಡಾಕ್ಟ್ರು ಓಡಿ ಬಂದ್ರು. ನನಗೆ ವ್ಯಾಕರಣ ಎಲ್ಲಾ ಬರುತ್ತೆ. ನಾನು ಕೂಗಲಿಲ್ಲ.”

“ನಿನಗೆ ಗೊತ್ತಿಲ್ಲ.” ಅವರ ದನಿ ಏರಿತು. “ಇಪ್ಪತ್ತನೇ ವಯಸ್ಸಲ್ಲಿ ನನ್ನ ಮೊದಲ ಸಂದರ್ಶನ. ಒಂದು ಪದ ತಪ್ಪು ಉಚ್ಚಾರ ಮಾಡ್ದೆ. ಆ ನಾಲ್ಕು ಜನ ನಕ್ಕಿದ್ದು ಇವತ್ತಿಗೂ ಕಿವಿಯಲ್ಲಿದೆ. ನನ್ನ ಮಕ್ಕಳನ್ನ ನೋಡಿ ಯಾರೂ ನಗಬಾರದು ಅಂತ ಇಷ್ಟೆಲ್ಲ ಮಾಡಿದ್ದು.”

“ಹೊರಗಿನವರು ನಗಬಾರದು ಅಂತ ಮನೆಯವರೇ ನಗೋ ಹಾಗೆ ಮಾಡಿದ್ರಿ. ನಾನು ಇಂಗ್ಲಿಷ್ ಬಿಡಲ್ಲ ಅಪ್ಪ, ಅದು ನನಗೆ ಬೇಕು. ನಂಗೆ ಬೇಡದೇ ಇರೋದು ಈ ನಗು.”

ಪಾತ್ರೆ ಹಿಡಿದು ನಿಂತಿದ್ದ ತಾಯಿ ಅದನ್ನು ಮೇಜಿನ ಮೇಲಿಟ್ಟು, ಎಂದೂ ಕೂರದ ಕುರ್ಚಿಯನ್ನೆಳೆದು ಕೂತರು.

“ನಾನು ಈ ಮನೆಗೆ ಬಂದಾಗ ತುಂಬಾ ಮಾತಾಡ್ತಿದ್ದೆ,” ಎಂದರು ಗಂಡನಿಗೆ. “ನಿಮಗೆ ನೆನಪಿದೆಯಾ?”

ಕಿರಿಮಗಳು ಮೂಗು ಒರೆಸಿಕೊಂಡು, ಟೀಚರ್ ಏನು ಹೇಳಿದರೆಂದು ತನ್ನ ಮಾತಿನಲ್ಲಿ ಅಕ್ಕನಿಗೆ ಹೇಳತೊಡಗಿದಳು. ಮರುದಿನ ಎಲ್ಲರೂ ಊಟಕ್ಕೆ ಕೂತಾಗ ತಂದೆ ತಟ್ಟೆಯಿಂದ ಕಣ್ಣೆತ್ತದೆ, “ವಿಚಾರಣೆ ಯಾವತ್ತು?” ಎಂದು ಕೇಳಿದರು. ಮನೆಮಾತಿನಲ್ಲಿ ಕೇಳಿದರು. ಆ ಮೇಜಿನಲ್ಲಿ ಊಟ ಮನೆಮಾತಿನಿಂದ ಶುರುವಾದದ್ದು ಅದೇ ಮೊದಲು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಐದು ಜನ ಅಧಿಕಾರಿಗಳು, ಒಂದು ಕೊನೆಯಲ್ಲಿ ದೊಡ್ಡ ಡಾಕ್ಟರು. ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಹೆಚ್ಚಿಗೆ ಹೇಳುವುದೇನಾದರೂ ಇದೆಯೇ ಎಂದು ಅಧ್ಯಕ್ಷರು ಔಪಚಾರಿಕವಾಗಿ ಕೇಳಿದಾಗ ಹಿರಿಮಗಳು ಎದ್ದು ನಿಂತಳು. ಈ ಸಲ ಮನಸ್ಸಿನಲ್ಲಿ ಬರೆಯಲೂ ಇಲ್ಲ, ತಿದ್ದಲೂ ಇಲ್ಲ.

“ಮಾರ್ನಿಂಗ್ ಹೀ ಟೆಲ್ಲಿಂಗ್ ಮಿ, ದಿಸ್ ಇಂಜೆಕ್ಷನ್ ಐ ವಿಲ್ ಡೈ. ಐ ನೋ. ಐ ನಾಟ್ ಟೋಲ್ಡ್. ಐ ಅಫ್ರೇಡ್ ಯು ಆಲ್ ಲಾಫ್. ಹೀ ಡೈ.”

ಒಂದೊಂದು ಮಾತೂ ತಪ್ಪು. ಅಧ್ಯಕ್ಷರು, ನೀವು ಹೇಳಿದ್ದರ ಅರ್ಥವೇನು ಎಂದು ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಜಿನ ಕೊನೆಯಿಂದ, “ಅರ್ಥ ಆಯ್ತು ಸರ್, ಅವಳು ಹೇಳಿದ್ದು ನನಗೆ ಪೂರ್ತಿ ಅರ್ಥ ಆಯ್ತು,” ಎಂಬ ಮಾತು ಮನೆಮಾತಿನಲ್ಲೇ ಬಂತು. ಹೇಳಿದವರು ದೊಡ್ಡ ಡಾಕ್ಟರು.

ಹಿರಿಮಗಳನ್ನು ಆರು ತಿಂಗಳು ಕೆಲಸದಿಂದ ದೂರವಿಟ್ಟರು. ಡಾಕ್ಟರಿಗೂ ಮುಖ್ಯ ನರ್ಸಿಗೂ ಛೀಮಾರಿ ಹಾಕಿದರು. ರೋಗಿಯ ವಿಷಯವನ್ನು ಯಾರು ಬೇಕಾದರೂ ಯಾವ ಮಾತಿನಲ್ಲಾದರೂ ಹೇಳಬಹುದು, ಹೇಳಲೇಬೇಕು ಎಂದು ವಾರ್ಡಿನ ಬಾಗಿಲಿಗೆ ಕಾಗದ ಅಂಟಿಸಿದರು.

ವಿಚಾರಣೆಯ ದಿನ ಹಿರಿಮಗಳು ಕೋಣೆಯಿಂದ ಹೊರಬಂದಾಗ ಬೆಂಚಿನ ಮೇಲೆ ಬೀಗದವನ ಹೆಂಡತಿ ಕೂತಿದ್ದಳು. ಒಳಗೆ ನಡೆದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹಿರಿಮಗಳು ಅವಳ ಕಾಲ ಬಳಿ ನೆಲದ ಮೇಲೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದಳು. ಹೆಂಗಸು ಬೈಯಲಿಲ್ಲ, ಅಳಲೂ ಇಲ್ಲ. ವಿಚಾರಣೆಯ ಕೋಣೆಯ ಬಾಗಿಲ ಕಡೆಗೆ ಕೈ ತೋರಿಸಿದಳು.

“ಆ ಡಾಕ್ಟ್ರಿಗೆ ನಮ್ಮ ಮಾತು ಬರಲ್ವಾ?” ಎಂದು ಕೇಳಿದಳು.

“ಬರುತ್ತೆ ಅಮ್ಮ.”

“ನಿನಗೆ?”

“ನನಗೂ ಬರುತ್ತೆ.”

“ಮತ್ತೆ?” ಎಂದಳು ಆಕೆ.

ಹಿರಿಮಗಳು ತಲೆ ತಗ್ಗಿಸಿದಳು. ಆ ಒಂದು ಶಬ್ದಕ್ಕೆ ಉತ್ತರ ಕೊಡಬೇಕಾದವರು ಅವಳೊಬ್ಬಳೇ ಅಲ್ಲ.