ಮುದುಕ ಕೆಮ್ಮಿದನಾ

ಸುಳ್ಳು ಹೇಳುವುದರಲ್ಲಿ ಟೈಲರು ಅಂಥ ನಿಸ್ಸೀಮನೇನಲ್ಲ. ಗಿರಾಕಿಗೆ "ನಾಳೆ ಗ್ಯಾರಂಟಿ ಕೊಡ್ತೀನಿ" ಅನ್ನುವುದನ್ನು ಬಿಡಿ, ಆ ಕಸುಬಿನಲ್ಲಿ ಅದನ್ನು ಯಾರೂ ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಂದು ಸುಳ್ಳನ್ನು ಮಾತ್ರ ಅವನು ಹನ್ನೊಂದು ವರ್ಷ, ಒಂದು ಭಾನುವಾರವೂ ತಪ್ಪಿಸದೆ ಹೇಳಿಕೊಂಡು ಬಂದಿದ್ದ. ಅದೂ ಯಾರಿಗೆ? ಅಮ್ಮ ಹೋದ ಮೇಲೆ ಅವನನ್ನು ಸಾಕಿ ಸಲಹಿದ ಅಕ್ಕನಿಗೆ.

ಅಕ್ಕ ನರ್ಸು. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಂಡವಳಲ್ಲ. ತಮ್ಮನನ್ನು ಓದಿಸಲು ನೋಡಿದಳು, ಅದು ಅವನ ತಲೆಗೆ ಹತ್ತದಿದ್ದಾಗ ಹೊಲಿಗೆ ಮಿಷನ್ನಿನ ಮುಂದೆ ಕೂರಿಸಿ ಒಂದು ದಾರಿಗೆ ಹಚ್ಚಿದಳು. ತನಗೆ ಅಂತ ಅವಳು ಆಸೆಪಟ್ಟು ತೆಗೆದುಕೊಂಡದ್ದು ಒಂದೇ ವಸ್ತು. ವಯಸ್ಸಾದ ಡಾಕ್ಟರೊಬ್ಬರು ಹತ್ತಲಾರದೆ ಮೂಲೆಗಿಟ್ಟಿದ್ದ ಹಳೇ ಕಾಲದ ಮೋಟಾರ್ ಸೈಕಲ್ಲು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡದು. ಸೀಟಿನ ಹಿಂದೆ ಇಂಜೆಕ್ಷನ್ ಪೆಟ್ಟಿಗೆ ಕಟ್ಟಿಕೊಂಡು ಅವಳು ಗಲ್ಲಿಗಲ್ಲಿ ಸುತ್ತುತ್ತಿದ್ದಳು. ಒದ್ದ ತಕ್ಷಣ ಅದು ಗೊರಗೊರ ಅಂದು, ಗಂಟಲು ಸರಿಮಾಡಿಕೊಂಡು, ಎರಡು ಸಲ ಕೆಮ್ಮಿ, ಆಮೇಲೆ ಶುರುವಾಗುತ್ತಿತ್ತು. ಅದಕ್ಕೇ ಅದರ ಹೆಸರು ಮುದುಕ. ಮುದುಕನ ಕೆಮ್ಮು ಕೇಳಿದರೆ ಸಾಕು, ಸೂಜಿಗೆ ಹೆದರುವ ಮಕ್ಕಳೆಲ್ಲ ಮಂಚದ ಕೆಳಗೆ ಮಾಯ.

ದೂರದ ಗಣಿ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೊರಟಾಗ ಅವಳು ಮುದುಕನನ್ನು ಇಸ್ತ್ರಿ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದಳು. ಕೀಲಿಯನ್ನು ತಮ್ಮನ ಕೈಗಿಟ್ಟು ಹೇಳಿದಳು: "ಓಡಿಸು ಅಂತ ಹೇಳಲ್ಲ, ಅದು ನಿನ್ನ ಕೈಲಾಗೋ ಕೆಲಸ ಅಲ್ಲ. ಭಾನುವಾರ ಭಾನುವಾರ ಒಂದ್ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡು. ಸುಮ್ನೆ ನಿಲ್ಲಿಸಿಬಿಟ್ರೆ ಸತ್ತೋಗ್ತಾನೆ ಕಣೋ."

ಮೊದಲ ಭಾನುವಾರ ಟೈಲರು ಪಾಪ, ಹೋದ. ಇದ್ದಬದ್ದ ಬಲವನ್ನೆಲ್ಲ ಹಾಕಿ ಒದ್ದ. ಕಿಕ್ಕರ್ ವಾಪಸ್ಸು ಬಂದು ಮೊಣಕಾಲಿನ ಕೆಳಗೆ ಸರಿಯಾಗಿ ಬಾರಿಸಿತು. ಕುಂಟುತ್ತ ಮನೆಗೆ ಬಂದವನನ್ನು ನೋಡಿ ಹೆಂಡತಿ, "ಏನ್ರೀ, ಮುದುಕನ ಕೈಲಿ ಒದೆ ತಿಂದ್ರಾ?" ಅಂತ ಬಿದ್ದು ಬಿದ್ದು ನಕ್ಕಳು. ಸಂಜೆ ಆರಕ್ಕೆ ಅಕ್ಕನ ಫೋನು.

"ಮುದುಕ ಕೆಮ್ಮಿದನಾ?"

"ಕೆಮ್ಮಿದ ಅಕ್ಕ. ಎರಡನೇ ಒದೆತಕ್ಕೇ."

ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದು ಕಂಡು ಅವನಿಗೇ ಅಚ್ಚರಿಯಾಯಿತು. ಮರುವಾರ ಕಾಲು ನೋವಿತ್ತು. ಅದರ ಮರುವಾರ ಹೊಲಿಯುವ ಬಟ್ಟೆ ರಾಶಿ ಬಿದ್ದಿತ್ತು. ಆಮೇಲೆ ಕಾರಣವೂ ಬೇಕಾಗಲಿಲ್ಲ, ಆರು ಗಂಟೆಗೆ ಫೋನು ಬರುವುದು, ಇವನು ಎರಡನೇ ಒದೆತಕ್ಕೇ ಅನ್ನುವುದು, ಅಕ್ಕ ಸಂತೋಷದಿಂದ ಇಡುವುದು. ನಡುವೆ ಎರಡು ಸಲ ಅವಳು ಊರಿಗೆ ಬಂದಿದ್ದಳು. ಒಂದು ಸಲ ಗಾಡಿ ಸರ್ವೀಸಿಗೆ ಹೋಗಿತ್ತು, ಇನ್ನೊಂದು ಸಲ ಶೆಡ್ಡಿನ ಕೀಲಿ ಕಳೆದುಹೋಗಿತ್ತು. ಎರಡೂ ಅಪ್ಪಟ ಸುಳ್ಳು ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಅಕ್ಕ ಮೂರನೇ ಸಲ ಬಂದಳು, ವ್ಯಾನಿನಲ್ಲಿ ಮಲಗಿಕೊಂಡು. ಜೊತೆಗೆ ಬಂದ ಡಾಕ್ಟರು ಟೈಲರನ್ನು ಬಾಗಿಲಾಚೆ ಕರೆದು, ಮೂರು ವಾರ, ಬಹಳವೆಂದರೆ ನಾಲ್ಕು ಅಂದರು. ಬಟ್ಟೆ ಕತ್ತರಿಸುವ ಕೋಣೆಯಲ್ಲಿ ಮೇಜು ತೆಗೆದು ಅವಳಿಗೆ ಮಂಚ ಹಾಕಿದರು, ಆ ಕಿಟಕಿ ಗಲ್ಲಿಗೆ ತೆರೆಯುತ್ತಿತ್ತು. ತಲೆದಿಂಬಿಗೆ ಒರಗಿಸಿದ ಮೇಲೆ ಅವಳು ಕೇಳಿದ ಮೊದಲ ಮಾತು ಇದು: "ಮುದುಕನ್ನ ಕಿಟಕಿ ಕೆಳಗೆ ತಂದು ಒಂದ್ಸಲ ಸ್ಟಾರ್ಟ್ ಮಾಡೋ. ಹತ್ತೋದು ಇನ್ನು ಆಗಲ್ಲ, ಕೇಳಿಸ್ಕೊಂಡ್ರೆ ಸಾಕು."

ಟೈಲರು ತಲೆದಿಂಬು ಸರಿಮಾಡುವ ನೆಪದಲ್ಲಿ ಮುಖ ತಪ್ಪಿಸಿದ. "ನೀಟಾಗಿ ಸರ್ವೀಸ್ ಮಾಡಿ ತರ್ತೀನಿ ಅಕ್ಕ. ಧೂಳು ಕೂತಿದೆ, ಹೀಗೇ ತಂದ್ರೆ ನಿನಗೇ ಬೇಜಾರಾಗುತ್ತೆ."

"ನೀನೇ ಮಾಡ್ತೀಯಾ? ಕಲ್ತುಬಿಟ್ಯಾ?" ಅಂದಳು ಅಕ್ಕ. ಅವಳ ಮುಖ ಅರಳಿತು. ಅವನು ಹೂಂ ಅಂದು ಎದ್ದು ಶೆಡ್ಡಿಗೆ ಹೊರಟ.

ಶೆಡ್ಡಿನ ಬೀಗ ತೆರೆಯಲಿಲ್ಲ, ಒಡೆಯಬೇಕಾಯಿತು. ಒಳಗೆ ಮುದುಕ ಎರಡೂ ಚಕ್ರದ ಗಾಳಿ ಬಿಟ್ಟು ಗೋಡೆಗೆ ಒರಗಿದ್ದ. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿ, ವಯರುಗಳನ್ನು ತಿಂದು, ಬೇಸರ ಬಂದು ಬಿಟ್ಟುಹೋಗಿದ್ದವು. ಪೆಟ್ರೋಲ್ ಟ್ಯಾಂಕ್ ಅಲ್ಲಾಡಿಸಿದರೆ ತುಕ್ಕಿನ ಚಕ್ಕೆ ಗಲಗಲ ಅನ್ನುತ್ತಿತ್ತು. ಕಿಕ್ಕರಿನ ಮೇಲೆ ಕಾಲಿಟ್ಟು ಭಾರ ಬಿಟ್ಟ, ಕಲ್ಲಿನ ಮೇಲೆ ನಿಂತಂತಿತ್ತು.

ಎರಡು ಗ್ಯಾರೇಜಿನವರು ನೋಡಿ, ಇದನ್ನು ಗಾಜಿನ ಪೆಟ್ಟಿಗೆಯಲ್ಲಿಡಿ ಅಂತ ನಕ್ಕು ಕಳಿಸಿದರು. ಕೊನೆಗೆ ಸಿಕ್ಕಿದ್ದು ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ಹಳೇ ಮೆಕ್ಯಾನಿಕ್. ಆ ಕಾಲದ ಗಾಡಿಗಳನ್ನು ಬಿಚ್ಚಿ ಜೋಡಿಸಿದ ಕೈ, ಈಗ ಟೀ ಲೋಟ ಹಿಡಿದರೂ ನಡುಗುತ್ತಿತ್ತು. ಆತ ಶೆಡ್ಡಿಗೆ ಬಂದು, ಮಗ್ಗುಲಲ್ಲಿ ಒಂದು ಡಬ್ಬ ಬೋರಲು ಹಾಕಿ ಕೂತು ಹೇಳಿದ: "ಟೈಲರೇ, ಪಿಸ್ಟನ್ ತುಕ್ಕು ಹಿಡಿದು ಒಳಗೇ ಕಚ್ಕೊಂಡಿದೆ. ನಾನು ಹೇಳ್ತೀನಿ, ನೀವು ಮಾಡಿ. ಎಣ್ಣೆ ಹುಯ್ಯೋದು, ಕಾಯೋದು. ದಿನಾ ಬೆಳಿಗ್ಗೆ ಗೇರಿಗೆ ಹಾಕಿ ಹಿಂದಿನ ಚಕ್ರ ಮೆಲ್ಲಗೆ ಹಿಂದೆ ಮುಂದೆ ಆಡ್ಸೋದು. ಬಿಡುತ್ತೆ. ಹದಿನೈದು ದಿನ, ಒಂದು ತಿಂಗಳು."

"ಯಜಮಾನ್ರೇ, ನನ್ನ ಹತ್ರ ಮೂರು ವಾರ ಮಾತ್ರ ಇದೆ."

"ನಿಮ್ಮ ಅವಸರ ಕಬ್ಬಿಣಕ್ಕೆ ಗೊತ್ತಾಗಲ್ಲ. ಸುತ್ತಿಗೆ ಮಾತ್ರ ಮುಟ್ಟಬೇಡಿ."

ಅಂಗಡಿ ತೆರೆಯುವ ಮೊದಲು ದಿನವೂ ಎರಡು ತಾಸು ಟೈಲರು ಶೆಡ್ಡಿನಲ್ಲಿ. ಸ್ಪ್ಯಾನರನ್ನು ಯಾವ ಕಡೆ ತಿರುಗಿಸಿದರೆ ನಟ್ಟು ಬಿಚ್ಚುತ್ತದೆ ಅನ್ನುವುದರಿಂದ ಅವನ ಪಾಠ ಶುರು. ಬಿಚ್ಚಿದ ಸ್ಕ್ರೂಗಳನ್ನು ಗುಂಡಿಯ ಡಬ್ಬಿಗಳಲ್ಲಿ ಸಾಲಾಗಿಟ್ಟ, ಯಾವುದು ಎಲ್ಲಿಯದೆಂದು ಬಟ್ಟೆಯ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಕಾರ್ಬ್ಯುರೇಟರಿನ ಸಣ್ಣ ತೂತು ಕಟ್ಟಿಕೊಂಡಿದೆಯೆಂದು ಹೊಲಿಗೆ ಸೂಜಿ ತುರುಕಿದ್ದಕ್ಕೆ ಮೆಕ್ಯಾನಿಕ್ ಚೆನ್ನಾಗಿ ಬೈದ: "ಅದು ಗುಂಡಿ ಹಾಕೋ ಕಾಜಾ ಅಲ್ಲ ಮಾರಾಯರೇ, ದೊಡ್ಡದಾದ್ರೆ ಹೊಲಿಯೋಕಾಗಲ್ಲ." ಟ್ಯಾಂಕಿಗೆ ಜಲ್ಲಿ ತುಂಬಿ, ತೊಟ್ಟಿಲು ತೂಗಿದ ಹಾಗೆ ತೂಗಿ ತುಕ್ಕು ಬಿಡಿಸಿದ. ಕೈಗೆ ಹತ್ತಿದ ಮಸಿ ಗಿರಾಕಿಯೊಬ್ಬಳ ರವಿಕೆಗೂ ಹತ್ತಿ ಅಲ್ಲಿಯೂ ಉಗಿಸಿಕೊಂಡ. ಸ್ಟಾರ್ಟ್ ಮಾಡುವ ಕ್ರಮವನ್ನು ಮೆಕ್ಯಾನಿಕ್ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ: ಪೆಟ್ರೋಲಿನ ನಲ್ಲಿ ತಿರುಗಿಸುವುದು, ಕಾರ್ಬ್ಯುರೇಟರಿನ ಗುಂಡಿ ಒತ್ತುವುದು, ಚೋಕು ಹಾಕುವುದು, ಮೆಲ್ಲಗೆ ಕಿಕ್ಕರ್ ಒತ್ತಿ ಅದು ಗಟ್ಟಿಯಾಗಿ ನಿಲ್ಲುವ ಜಾಗ ಹುಡುಕುವುದು, ಇಂಜಿನ್ನಿನ ಒತ್ತಡ ತಗ್ಗಿಸುವ ಎಡಗೈಯ ಪುಟ್ಟ ಲಿವರ್ ಹಿಡಿದು ಅಲ್ಲಿಂದ ಕೂದಲೆಳೆಯಷ್ಟು ದಾಟಿಸುವುದು, ಲಿವರ್ ಬಿಡುವುದು, ಒದೆಯುವುದು. ಮೊದಲ ಭಾನುವಾರ ತಾನು ಯಾಕೆ ಒದೆ ತಿಂದೆ ಎನ್ನುವುದು ಟೈಲರಿಗೆ ಹನ್ನೊಂದು ವರ್ಷದ ಮೇಲೆ ಗೊತ್ತಾಯಿತು. ಇಷ್ಟೇ ಆಗಿತ್ತಲ್ಲ, ಅವತ್ತೇ ಯಾರನ್ನಾದರೂ ಕೇಳಿದ್ದರೆ ಮುಗಿದುಹೋಗುತ್ತಿತ್ತಲ್ಲ ಅಂತ ಶೆಡ್ಡಿನ ನೆಲದ ಮೇಲೆ ಕೂತು ಅತ್ತುಬಿಟ್ಟ.

ಸಂಜೆ ಅಕ್ಕ ವಿಚಾರಿಸಿಕೊಳ್ಳುತ್ತಿದ್ದಳು. ಪ್ಲಗ್ ನೋಡಿದ್ಯಾ, ಚೈನಿಗೆ ಎಣ್ಣೆ ಬಿಟ್ಯಾ. ಇವನು ಕಪ್ಪು ಹಿಡಿದ ಉಗುರು ತೋರಿಸುತ್ತಿದ್ದ. ಅವಳು ಆ ಕೈಯನ್ನು ಮೂಸಿ ನೋಡಿ ಬಿಡುತ್ತಿದ್ದಳು. ಊಟ ಎರಡು ಚಮಚಕ್ಕೆ ಇಳಿದಿತ್ತು, ಮಾತು ದಿನದಿನಕ್ಕೆ ತಗ್ಗುತ್ತಿತ್ತು.

ಹದಿನೇಳನೆಯ ದಿನ, ಶುಕ್ರವಾರ ಬೆಳಿಗ್ಗೆ, ಹಿಂದಿನ ಚಕ್ರ ಹೆಬ್ಬೆರಳಿನಷ್ಟು ಜರುಗಿತು. ಮೆಕ್ಯಾನಿಕ್ ಡಬ್ಬದಿಂದ ಎದ್ದು ನಿಂತ. "ಉಸಿರು ಬಂತು. ಇನ್ನೊಂದು ವಾರ ಹೀಗೇ ಆಡ್ಸಿ. ಅಪ್ಪಿತಪ್ಪಿಯೂ ಅವಸರ ಮಾಡಬೇಡಿ" ಅಂದ. ಟೈಲರು ಓಡೋಡಿ ಬಂದು ಅಕ್ಕನಿಗೆ, "ಈ ಭಾನುವಾರ ಕೇಳಿಸ್ತೀನಿ" ಅಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕ, "ಭಾನುವಾರದವರೆಗೂ ಇರ್ತೀನಿ ಬಿಡು" ಅಂದಳು, ಹೊಲಿಗೆಗೆ ಕೊಟ್ಟ ಬಟ್ಟೆ ಯಾವಾಗ ಬೇಕು ಅಂತ ಹೇಳುವವರ ಹಾಗೆ.

ಶನಿವಾರ ಚಕ್ರ ಜರುಗಲಿಲ್ಲ. ಎಷ್ಟು ಆಡಿಸಿದರೂ ಊಹೂಂ. ಮೆಕ್ಯಾನಿಕ್ ಕಣ್ಣಿನ ಆಸ್ಪತ್ರೆಗೆ ಹೋಗಿದ್ದ. ಟೈಲರು ಒಬ್ಬನೇ. ಇಂಜಿನ್ನಿನ ತಲೆ ಬಿಚ್ಚಿಟ್ಟಿತ್ತು, ಪಿಸ್ಟನ್ ಎದುರಿಗೇ ಕಾಣುತ್ತಿತ್ತು, ಟೀ ಲೋಟದ ಬಾಯಿಯಷ್ಟು ಅಗಲ. ಒಂದೇ ಒಂದು ಏಟು, ಮೆಲ್ಲಗೆ, ಅಂದುಕೊಂಡ. ಅಂಗಡಿಯಿಂದ ತೋಳು ಇಸ್ತ್ರಿ ಮಾಡುವ ಮರದ ತುಂಡು ತಂದು ಅದರ ಮೇಲಿಟ್ಟು ಸುತ್ತಿಗೆಯಲ್ಲಿ ತಟ್ಟಿದ. ಜರುಗಿದಂತೆ ಕಂಡಿತು. ಇನ್ನೊಂದು. ಆಸೆ ಅನ್ನುವುದು ಮನುಷ್ಯನ ಕೈಗೆ ಬಲ ಕೊಡುತ್ತದಲ್ಲ, ಮೂರನೆಯದು ಜೋರಾಗಿಯೇ ಬಿತ್ತು. ಟಪ್ ಅಂತ ಒಂದು ಸಣ್ಣ ಸದ್ದು. ಪಿಸ್ಟನ್ನಿನ ಮಧ್ಯೆ ಬಿರುಕು ಬಿಟ್ಟು ಒಂದು ಹೋಳು ಕಳಚಿಕೊಂಡಿತು.

ಸಂಜೆ ಬಂದ ಮೆಕ್ಯಾನಿಕ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದರ ಪಿಸ್ಟನ್ ಈಗ ಯಾರೂ ಮಾಡಲ್ಲ. ಹುಡುಕಿದ್ರೆ ಎಲ್ಲಾದ್ರೂ ಸಿಗಬಹುದು. ಆರು ತಿಂಗಳು, ವರ್ಷ" ಅಂದು ಡಬ್ಬವನ್ನು ಮತ್ತೆ ಮೂಲೆಗೆ ಸರಿಸಿಟ್ಟು ಹೋದ.

ಭಾನುವಾರ ಬೆಳಿಗ್ಗೆ ಟೈಲರು ಮಾಡಿದ ಕೆಲಸಕ್ಕೆ ಏನನ್ನಬೇಕೋ ನೀವೇ ಹೇಳಿ. ಪಕ್ಕದ ಮನೆಯ ಕೊರಿಯರ್‌ನವನ ಮೋಟಾರ್ ಸೈಕಲ್ ಕೇಳಿ ತಂದು, ಕಿಟಕಿ ಕೆಳಗೆ ನಿಲ್ಲಿಸಿ ಸ್ಟಾರ್ಟ್ ಮಾಡಿದ. ಗೊರಗೊರ ಇಲ್ಲ, ಕೆಮ್ಮಿಲ್ಲ, ನಯವಾದ ಸದ್ದು ಗಲ್ಲಿಯ ತುಂಬ ಹರಡಿತು. ಹೆಂಡತಿ ಕಿಟಕಿಯಿಂದ ಬಗ್ಗಿ, "ನಿಲ್ಸಿ ಸಾಕು. ಅತ್ತಿಗೆ ಕರೀತಿದ್ದಾರೆ" ಅಂದಳು.

ಅಕ್ಕ ಕಣ್ಣು ಮುಚ್ಚಿಯೇ ಇದ್ದಳು. "ಯಾರ ಗಾಡಿ ಅದು?"

ಟೈಲರು ಕೊರಿಯರ್‌ನವನ ಕೀಲಿಯನ್ನು ಜೇಬಿಗೆ ಸೇರಿಸಿದ.

"ನನ್ನದೆಲ್ಲಿ?"

ಅವನು ಶೆಡ್ಡಿಗೆ ಹೋಗಿ, ಚಿಂದಿಬಟ್ಟೆಯಲ್ಲಿ ಸುತ್ತಿಟ್ಟಿದ್ದ ಆ ಒಡೆದ ಹೋಳನ್ನು ತಂದು ಅವಳ ಅಂಗೈಯಲ್ಲಿಟ್ಟ. ಅವಳು ಅದರ ತುಕ್ಕಿನ ಮೇಲೆ ಬೆರಳಾಡಿಸಿದಳು, ಹುಣ್ಣನ್ನು ಮುಟ್ಟಿ ನೋಡುವವರ ಹಾಗೆ. ಎಷ್ಟು ಸಾವು ಕಂಡಿದ್ದ ಬೆರಳುಗಳು ಅವು, ಅವಕ್ಕೆ ಮೋಸ ಮಾಡಲು ಬರುತ್ತದೆಯೇ?

"ಎಷ್ಟು ದಿನ ಆಯ್ತು ಸತ್ತು?"

"ಹನ್ನೊಂದು ವರ್ಷ ಅಕ್ಕ."

ಅವಳು ಹೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಭಾನುವಾರ ಫೋನಿಟ್ಟ ಮೇಲೆ ಕ್ವಾರ್ಟರ್ಸಲ್ಲಿ ಮಂಚದ ಮೇಲೆ ಕಣ್ಮುಚ್ಚಿ ಕೂತ್ಕೋತಿದ್ದೆ. ಈ ಗಲ್ಲಿಯಿಂದ ಹೊರಟು ಸೇತುವೆ ತನಕ ಹೋಗಿ ಬರ್ತಿದ್ದೆ, ಮುದುಕನ ಮೇಲೆ. ಅಲ್ಲಿ ನನಗಿದ್ದಿದ್ದು ಅದೊಂದೇ ಕಣೋ." ಹೋಳನ್ನು ವಾಪಸ್ಸು ಕೊಟ್ಟಳು. "ಹೆಣದ ಮೇಲೆ ಕೂತು ಸುತ್ತಿದೆ ಅನ್ನು."

ಆ ವಾರವೆಲ್ಲ ಅವಳು ತಮ್ಮನ ಜೊತೆ ಮಾತಾಡಲಿಲ್ಲ. ಅವನು ತಿನ್ನಿಸಿದರೆ ತಿನ್ನುತ್ತಿದ್ದಳು, ಒರೆಸಿದರೆ ಒರೆಸಿಕೊಳ್ಳುತ್ತಿದ್ದಳು, ಅಷ್ಟೇ. ಬೈಗುಳಕ್ಕಾಗಿ ಅವನು ಕಾದು ಕಾದು ಸೋತ. ಮುಂದಿನ ಭಾನುವಾರ ಸಂಜೆ ಗೋಡೆಯ ಗಡಿಯಾರ ಆರು ಹೊಡೆದಾಗ ಅವಳು ತಾನಾಗಿಯೇ ತಲೆ ಹೊರಳಿಸಿದಳು.

"ಹೇಳು."

"ಏನು ಅಕ್ಕ?"

"ಫೋನಲ್ಲಿ ಹೇಳ್ತಿದ್ದೆಯಲ್ಲ, ಹಾಗೇ ಹೇಳು. ಮುದುಕ ಕೆಮ್ಮಿದನಾ?"

ಟೈಲರು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಮೊದ್ಲು ಪೆಟ್ರೋಲಿನ ನಲ್ಲಿ ತಿರುಗಿಸಿದೆ ಅಕ್ಕ. ಕಾರ್ಬ್ಯುರೇಟರ್ ಗುಂಡಿ ಒತ್ತಿ ಹಿಡಿದೆ, ಪೆಟ್ರೋಲ್ ಉಕ್ಕಿ ಬೆರಳು ಒದ್ದೆ ಆಗೋ ತನಕ."

"ಚೋಕು?"

"ಹಾಕಿದೆ. ಮೆಲ್ಲಗೆ ಕಿಕ್ಕರ್ ಒತ್ತಿದೆ. ಗಟ್ಟಿಯಾಗಿ ನಿಂತ್ಕೊಳ್ತು."

ಹೊದಿಕೆಯ ಮೇಲಿದ್ದ ಅವಳ ಎಡಗೈಯ ಬೆರಳುಗಳು ಬಾಗಿದವು, ಕಾಣದ ಲಿವರೊಂದನ್ನು ಹಿಡಿದುಕೊಂಡವು. "ದಾಟಿಸು" ಅಂದಳು.

"ದಾಟಿಸಿದೆ."

"ಲಿವರ್ ಬಿಟ್ಟೆ. ಒದಿ."

ಇನ್ನು ಉಳಿದದ್ದು ಒಂದೇ ಮಾತು. ಹನ್ನೊಂದು ವರ್ಷ ಏನೂ ಗೊತ್ತಿಲ್ಲದೆ ಹೇಳಿದ ಮಾತು, ಈಗ ಒಂದೊಂದು ಸ್ಕ್ರೂ ಗೊತ್ತಿದ್ದೂ ಸಲೀಸಾಗಿ ಬರಲಿಲ್ಲ. ಅಂಗೈಯಲ್ಲಿ ಸುತ್ತಿಗೆಯ ಮೂರನೇ ಏಟು ಇನ್ನೂ ಅದುರುತ್ತಿತ್ತು. ಅಕ್ಕ ಕಾಯುತ್ತಿದ್ದಳು. ಅವಳ ಮುಖ ಆಗಲೇ ಅರ್ಧ ಅರಳಿತ್ತು.

"ಇಲ್ಲ ಅಕ್ಕ" ಅಂದ ಟೈಲರು. "ಕೆಮ್ಮಲಿಲ್ಲ."

ಅವಳ ಬೆರಳು ಸಡಿಲವಾಯಿತು. "ಅಷ್ಟು ವರ್ಷ ಬರ್ತಿದ್ದಿದ್ದು ಇವತ್ತೇ ಬರಲಿಲ್ವೇನೋ ನಿನಗೆ" ಅಂದಳು. ಆ ದನಿಯಲ್ಲಿ ಕೋಪವಿರಲಿಲ್ಲ, ಕೇಳಬಾರದವರ ಹತ್ತಿರ ಕೇಳಿ ಬರಿಗೈಯಲ್ಲಿ ಹೊರಟವರ ಸುಸ್ತಿತ್ತು. ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನದಿಂದ ಟೈಲರು ದಿನವೂ ಬೆಳಿಗ್ಗೆ ಶೆಡ್ಡಿಗೆ ಹೋಗಿ, ಬಿಚ್ಚಿಟ್ಟ ಇಂಜಿನ್ನಿನ ಎದುರು ನಿಂತು ಆ ಮಾತನ್ನು ಬಾಯಿಬಿಟ್ಟು ಹೇಳಿ ಹೇಳಿ ಅಭ್ಯಾಸ ಮಾಡಿದ. ಕೆಮ್ಮಿದ ಅಕ್ಕ, ಎರಡನೇ ಒದೆತಕ್ಕೇ. ಮೊದಮೊದಲು ಅರ್ಧಕ್ಕೇ ನಿಲ್ಲುತ್ತಿತ್ತು. ಬುಧವಾರದ ಹೊತ್ತಿಗೆ ಸಲೀಸಾಗಿ ಬಂತು, ಹಿಂದಿನ ಹಾಗೆಯೇ. ಭಾನುವಾರ ಆರು ಗಂಟೆಗೆ ಸರಿಯಾಗಿ ಹೇಳಬೇಕೆಂದುಕೊಂಡ. ಗುರುವಾರ ಮಧ್ಯಾಹ್ನ ಅಕ್ಕ ತೀರಿಕೊಂಡಳು.